ಗಸಗಸೆ ಮರದ ಬಾವಲಿ ಅರ್ಧ ಗಂಟೆಯಲ್ಲಿ ಹಣ್ಣು ಅರಗಿಸಿಕೊಳ್ಳೋದು ಹೇಗೆ?

ಮಲ್ಲೇಶ್ವರದ ಅಮ್ಮ:
ನಮ್ಮ ಮನೆ ಮುಂದೆ ಒಂದು ಗಸಗಸೆ ಹಣ್ಣಿನ ಮರ ಇದೆ. ಸಿಂಗಪುರ ಚೆರ್ರಿ ಅಂತಲೂ ಕರೆಯುತ್ತಾರೆ. ಹಗಲೆಲ್ಲ ಅಳಿಲು, ಕೋಗಿಲೆ, ಶಾಲೆ ಬಿಟ್ಟ ಮಕ್ಕಳು. ಕತ್ತಲಾದರೆ ಬಾವಲಿಗಳ ಸರದಿ. ಏಳು ಗಂಟೆ ಹೊತ್ತಿಗೆ ಬಂದು ಹಣ್ಣು ಕಚ್ಚಿಕೊಂಡು ಹೋಗುತ್ತವೆ. ಏಳೂವರೆಗೆಲ್ಲ ಕೆಳಗೆ ನಿಲ್ಲಿಸಿದ ಸ್ಕೂಟರ್ ಸೀಟಿನ ಮೇಲೆ ಹಳದಿ ಹಿಕ್ಕೆ. ಅದರ ತುಂಬಾ ಗಸಗಸೆಯಂಥ ಬೀಜ.

ಮಗಳು ಏಳನೇ ಕ್ಲಾಸು. ಜೀರ್ಣಕ್ರಿಯೆಯ ಪಾಠ ನಡೆಯುತ್ತಿದೆ. "ಅಮ್ಮಾ, ನಮ್ಮ ಕರುಳಲ್ಲಿ ಊಟ ಎಷ್ಟೋ ಗಂಟೆ ಇರುತ್ತೆ ಅಂತ ಪುಸ್ತಕದಲ್ಲಿದೆ. ಇದಕ್ಕೆ ಅರ್ಧ ಗಂಟೆ ಸಾಕಾ? ಅಷ್ಟರಲ್ಲಿ ಅದರ ಮೈಗೆ ಏನು ಸೇರುತ್ತೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. "ಬೇಗ ಜೀರ್ಣ ಆಗುತ್ತೆ" ಅಂದರೆ ಅವಳು ಒಪ್ಪುವುದಿಲ್ಲ. ಕರುಳಿನ ಗೋಡೆಯಲ್ಲಿ ನಿಜವಾಗಿ ಏನು ನಡೆಯುತ್ತದೆ, ಅಣುಗಳ ಮಟ್ಟದಲ್ಲಿ, ಅದು ಬೇಕು ಅವಳಿಗೆ. ಗೊತ್ತಿರುವವರು ಬಿಡಿಸಿ ಹೇಳುತ್ತೀರಾ?

ಬನಶಂಕರಿ ಎರಡನೇ ಹಂತ:
ನಮ್ಮ ಬೀದಿಯಲ್ಲೂ ಇದೇ ಕತೆ. ನಾನು ನೋಡಿದ ಮಟ್ಟಿಗೆ ಬಾವಲಿ ಇಡೀ ಹಣ್ಣು ನುಂಗುವುದಿಲ್ಲ. ಚೆನ್ನಾಗಿ ಅಗಿದು, ನಾಲಿಗೆಯಿಂದ ಅಂಗುಳಕ್ಕೆ ಒತ್ತಿ ರಸ ಹೀರಿಕೊಂಡು, ಚರಟ ಉಗಿಯುತ್ತದೆ. ಕಬ್ಬು ತಿನ್ನುವಾಗ ನಾವು ಮಾಡುವ ಹಾಗೆಯೇ. ಅಂದರೆ ಹೊಟ್ಟೆಗೆ ಹೋಗುವುದು ಹೆಚ್ಚು ಕಡಿಮೆ ಪಾನಕ, ಜತೆಗೆ ಸಣ್ಣ ಬೀಜ. ಹಾಗಾಗಿ ಬೇಗ ಮುಗಿಯುತ್ತದೆ, ಅಷ್ಟೇ ಅಲ್ವಾ?

ಕರುಳಿನ ಮೇಷ್ಟ್ರು:
ನೀವು ಹೇಳಿದ್ದು ಸರಿ, ಆದರೆ ಅದು ಅರ್ಧ ಉತ್ತರ. ಪಾನಕವೇ ಆಗಿದ್ದರೂ ಸಕ್ಕರೆ ಕರುಳಿನ ಗೋಡೆ ದಾಟಲೇಬೇಕು. ನಾನು ಮೆಡಿಕಲ್ ಕಾಲೇಜಿನಲ್ಲಿ ಫಿಸಿಯಾಲಜಿ ಪಾಠ ಮಾಡಿ ನಿವೃತ್ತನಾದವನು. ಈ ವಿಷಯ ನನಗೆ ತುಂಬಾ ಇಷ್ಟ. ಸ್ವಲ್ಪ ಉದ್ದ ಬರೆಯುತ್ತೇನೆ, ಮಗುವಿಗೆ ನಿಧಾನವಾಗಿ ಓದಿ ಹೇಳಿ.

ಮೊದಲು ನಮ್ಮ ಕರುಳು. ಸಣ್ಣ ಕರುಳಿನ ಒಳಮೈಗೆ ಒಂದೇ ಒಂದು ಪದರ ಜೀವಕೋಶಗಳ ಹೊದಿಕೆ. ತಿಂದದ್ದಕ್ಕೂ ರಕ್ತಕ್ಕೂ ನಡುವೆ ಇರುವ ಬೇಲಿ ಅದು. ಸಕ್ಕರೆಗೆ ಅದನ್ನು ದಾಟಲು ಎರಡು ದಾರಿ. ಒಂದು ಜೀವಕೋಶದ ಒಳಗೆ ಹೊಕ್ಕು ಆಚೆ ಬರುವುದು. ಇನ್ನೊಂದು ಎರಡು ಜೀವಕೋಶಗಳ ನಡುವಿನ ಸಂದಿಯಲ್ಲಿ ನುಸುಳುವುದು.

ಒಳಗೆ ಹೊಗಬೇಕಾದರೆ ಬಾಗಿಲು ಬೇಕು. ಜೀವಕೋಶದ ಹೊರಪೊರೆ ಕೊಬ್ಬಿನದು, ಗ್ಲೂಕೋಸ್ ನೀರಲ್ಲಿ ಕರಗುವ ಪದಾರ್ಥ. ಅದರ ಪಾಡಿಗೆ ಅದು ಒಳಗೆ ಹೋಗಲಾರದು. ಎಸ್‌ಜಿಎಲ್‌ಟಿ1 ಎಂಬ ಪ್ರೋಟೀನು ಇಲ್ಲಿ ಬಾಗಿಲಿನ ಕೆಲಸ ಮಾಡುತ್ತದೆ. ಈ ಬಾಗಿಲಿಗೊಂದು ನಿಯಮ: ಒಂದು ಗ್ಲೂಕೋಸ್ ಒಳಗೆ ಬರಬೇಕಾದರೆ ಎರಡು ಸೋಡಿಯಂ ಜತೆಗಿರಬೇಕು. ಜೀವಕೋಶದ ಒಳಗೆ ಸೋಡಿಯಂ ಕಡಿಮೆ, ಹೊರಗೆ ಜಾಸ್ತಿ. ಇಳಿಜಾರಿನಲ್ಲಿ ನೀರು ಹರಿದಂತೆ ಸೋಡಿಯಂ ಒಳಗೆ ನುಗ್ಗುತ್ತದೆ, ಗ್ಲೂಕೋಸನ್ನೂ ಎಳೆದುಕೊಂಡು ಬರುತ್ತದೆ. ಆ ಇಳಿಜಾರು ಹಾಗೇ ಉಳಿಯಲು ಜೀವಕೋಶದ ರಕ್ತದ ಕಡೆಯ ಮೈಯಲ್ಲಿ ಒಂದು ಪಂಪು ಬಿಡದೆ ಓಡಬೇಕು. ಪ್ರತಿ ಸುತ್ತಿಗೆ ಮೂರು ಸೋಡಿಯಂ ಹೊರಗೆ, ಎರಡು ಪೊಟ್ಯಾಸಿಯಂ ಒಳಗೆ, ಒಂದು ಎಟಿಪಿ (ಜೀವಕೋಶಕ್ಕೆ ಶಕ್ತಿ ಕೊಡುವ ಅಣು) ಖರ್ಚು. ಒಳಗೆ ಬಂದ ಗ್ಲೂಕೋಸ್ ಗ್ಲುಟ್2 ಎಂಬ ಇನ್ನೊಂದು ಬಾಗಿಲಿನಿಂದ ರಕ್ತದ ಕಡೆಗೆ ಇಳಿಯುತ್ತದೆ. ಹಣ್ಣಿನ ಇನ್ನೊಂದು ಸಕ್ಕರೆ ಫ್ರಕ್ಟೋಸ್. ಅದಕ್ಕೆ ಗ್ಲುಟ್5 ಅನ್ನುವ ಬೇರೆ ಬಾಗಿಲಿದೆ.

ಭೇದಿ ಆದಾಗ ಕುಡಿಸುವ ಓಆರ್‌ಎಸ್‌ನಲ್ಲಿ ಉಪ್ಪು, ಸಕ್ಕರೆ ಎರಡೂ ಇರುವುದು ಇದೇ ಕಾರಣಕ್ಕೆ. ಸೋಡಿಯಂ, ಗ್ಲೂಕೋಸ್ ಜೋಡಿಯಾಗಿ ಪ್ರಯಾಣ ಮಾಡುತ್ತವೆ ಎಂಬ ವಿಚಾರವನ್ನು ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಪ್ರಾಗ್‌ನಲ್ಲಿ ಮಂಡಿಸಿದರು. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ವೈದ್ಯ ದಿಲೀಪ್ ಮಹಲನಬಿಸ್ ಅವರು ಈ ಉಪ್ಪು-ಸಕ್ಕರೆ ನೀರಿನಿಂದಲೇ ಎಷ್ಟೋ ಜೀವ ಉಳಿಸಿದರು. ಪಾಠ ಮಾಡುವಾಗ ಈ ಜಾಗಕ್ಕೆ ಬಂದರೆ ಪ್ರತಿ ಸಲ ನನ್ನ ಗಂಟಲು ಕಟ್ಟುತ್ತಿತ್ತು.

ಈಗ ಬಾವಲಿ. ಅದಕ್ಕೂ ಈ ಬಾಗಿಲುಗಳೆಲ್ಲ ಇವೆ. ಆದರೆ ಹಾರುವ ಪ್ರಾಣಿ ಮೈಭಾರ ಕಡಿಮೆ ಇಟ್ಟುಕೊಳ್ಳಬೇಕು. ಉದ್ದ ಕರುಳು, ಅದರ ತುಂಬಾ ಊಟ ಹೊತ್ತುಕೊಂಡು ಹಾರಲಾಗದು. ಅದೇ ಗಾತ್ರದ ನೆಲದ ಪ್ರಾಣಿಗೆ ಹೋಲಿಸಿದರೆ ಬಾವಲಿಯ ಕರುಳು ಚಿಕ್ಕದು. ಬಹುತೇಕ ಬಾವಲಿಗಳಿಗೆ ಸಣ್ಣ ಕರುಳು, ದೊಡ್ಡ ಕರುಳು ಕೂಡುವಲ್ಲಿ ಇರುವ ಚೀಲದಂಥ ಭಾಗವೇ ಇಲ್ಲ. ಆದರೆ ಹಾರಾಟಕ್ಕೆ ಶಕ್ತಿ ಬೇಕಾಗುವುದು ಓಡುವುದಕ್ಕಿಂತ ಎಷ್ಟೋ ಜಾಸ್ತಿ. ಕರುಳು ಕಡಿಮೆ, ಹಸಿವು ಹೆಚ್ಚು. ಹಾಗಾದರೆ ಲೆಕ್ಕ ಕೂಡುವುದು ಹೇಗೆ?

ಎರಡನೇ ದಾರಿಯಿಂದ. ಬಾವಲಿ ಸಂದಿಯ ದಾರಿಯನ್ನು ದೊಡ್ಡದಾಗಿ ಬಳಸಿಕೊಳ್ಳುತ್ತದೆ.

ಮಲ್ಲೇಶ್ವರದ ಅಮ್ಮ:
ಮೇಷ್ಟ್ರೇ, ತುಂಬಾ ಥ್ಯಾಂಕ್ಸ್. ಮಗಳು ಪಕ್ಕದಲ್ಲೇ ಕೂತು ಓದಿದಳು. ಅವಳ ಪ್ರಶ್ನೆ: ಸಂದಿ ಅಂದರೆ ತೂತಾ? ತೂತಿದ್ದರೆ ಎಲ್ಲವೂ ಸೋರಿ ಹೋಗುವುದಿಲ್ಲವಾ?

ಕರುಳಿನ ಮೇಷ್ಟ್ರು:
ಪುಟ್ಟಿಗೆ ಹೆಂಚಿನ ಮನೆ ತೋರಿಸಿದ್ದೀರಾ? ಮಲ್ಲೇಶ್ವರದಲ್ಲಿ ಇನ್ನೂ ಕೆಲವು ಉಳಿದಿವೆ. ಹೆಂಚಿಗೆ ಹೆಂಚು ಕೂಡುವ ಕಡೆ ತೂತಿಲ್ಲ, ಆದರೆ ಜೋರು ಮಳೆ ಬಂದರೆ ಅಲ್ಲಿಂದ ನೀರು ಜಿನುಗುತ್ತದೆ. ಕರುಳಿನ ಸಂದಿ ಹಾಗೆ. ಪಕ್ಕಪಕ್ಕದ ಜೀವಕೋಶಗಳನ್ನು ಮೇಲ್ಭಾಗದಲ್ಲಿ ಬಿಗಿದು ಹೊಲಿದ ಹಾಗೆ ಒಂದು ಬಿಗಿ ಬೆಸುಗೆ ಇರುತ್ತದೆ. ಈ ಬೆಸುಗೆಯ ಮುಖ್ಯ ಪ್ರೋಟೀನುಗಳು ಕ್ಲಾಡಿನ್‌ಗಳು. 1998ರಲ್ಲಿ ಜಪಾನಿನ ತ್ಸುಕಿತಾ ಅವರ ತಂಡ ಮೊದಲು ಗುರುತಿಸಿತು. ಮುಚ್ಚು ಎಂಬ ಅರ್ಥದ ಲ್ಯಾಟಿನ್ ಪದದಿಂದ ಆ ಹೆಸರು. ಆದರೆ ಎಲ್ಲ ಕ್ಲಾಡಿನ್‌ಗಳೂ ಮುಚ್ಚುವುದಿಲ್ಲ. ಕ್ಲಾಡಿನ್-2, ಕ್ಲಾಡಿನ್-15 ಸೋಡಿಯಂ ಹರಿಯಲು ಸಣ್ಣ ಕಾಲುವೆ ಬಿಡುತ್ತವೆ.

ಇಲ್ಲಿ ಒಂದು ಸೊಗಸು ಇದೆ. ಎಸ್‌ಜಿಎಲ್‌ಟಿ1 ಕರುಳಿನ ಒಳಗಿನ ಸೋಡಿಯಂ ಖಾಲಿ ಮಾಡುತ್ತಾ ಹೋಗುತ್ತದೆ ಅಲ್ವಾ? ಹಣ್ಣಿನಲ್ಲಿ ಸೋಡಿಯಂ ಎಲ್ಲಿದೆ? ಈ ಸಂದಿಗಳಿಂದಲೇ ಸೋಡಿಯಂ ವಾಪಸ್ ಕರುಳಿಗೆ ಜಿನುಗಿ ಬರುತ್ತದೆ. ಈ ಎರಡು ಕ್ಲಾಡಿನ್‌ಗಳನ್ನೂ ತೆಗೆದುಹಾಕಿದ ಇಲಿಮರಿಗಳು ಆಹಾರ ಮೈಗೆ ಹತ್ತದೆ ಸತ್ತುಹೋದವು. ಬಾಗಿಲು ಚೆನ್ನಾಗಿದ್ದರೂ ಸಂದಿ ಮುಚ್ಚಿದರೆ ಕೆಲಸ ನಿಲ್ಲುತ್ತದೆ. ಎರಡೂ ದಾರಿ ಒಂದಕ್ಕೊಂದು ಆಸರೆ.

ದೊಡ್ಡಬಳ್ಳಾಪುರ ದ್ರಾಕ್ಷಿ:
ನಾನು ಬೆಂಗಳೂರು ನೀಲಿ ದ್ರಾಕ್ಷಿ ಬೆಳೆಯುತ್ತೇನೆ. ಬಾವಲಿಗಳಿಂದ ನನಗೆ ನಷ್ಟ ಇದೆ, ಬಲೆ ಹಾಕಲೇಬೇಕು. ಆದರೂ ಈ ಚರ್ಚೆ ಬಿಡದೆ ಓದುತ್ತಿದ್ದೇನೆ. ಒಂದು ಅನುಮಾನ. ಚಪ್ಪರದ ಕೆಳಗೆ ಬಿದ್ದ ಹಿಕ್ಕೆಯಲ್ಲಿ ಸಿಹಿ ಅಂಶ ಉಳಿದಿರಬೇಕು ಅಂದುಕೊಂಡಿದ್ದೆ, ಅಷ್ಟು ಬೇಗ ಬೀಳುತ್ತದಲ್ಲ. ಆದರೆ ಉಗಿದ ಚರಟಕ್ಕೆ ಮುತ್ತುವಷ್ಟು ಇರುವೆ ಹಿಕ್ಕೆಗೆ ಮುತ್ತುವುದಿಲ್ಲ. ಸಕ್ಕರೆ ಪೂರ್ತಿ ಹೀರಿಕೊಂಡುಬಿಡುತ್ತವಾ?

ಹೆಬ್ಬಾಳದ ಸಂಶೋಧಕಿ:
ಅಣ್ಣಾ, ನಿಮ್ಮ ಇರುವೆ ಲೆಕ್ಕ ನನಗೆ ಬಹಳ ಹಿಡಿಸಿತು. ಹೌದು, ಹಣ್ಣು ತಿನ್ನುವ ಬಾವಲಿಗಳು ಅಷ್ಟು ಕಡಿಮೆ ಹೊತ್ತಿನಲ್ಲೂ ಸಕ್ಕರೆಯ ಬಹುಪಾಲನ್ನು ಒಳಗೆ ಎಳೆದುಕೊಳ್ಳುತ್ತವೆ.

ಸಂದಿಯ ದಾರಿ ಅಂತ ಹೇಗೆ ಗೊತ್ತಾಯಿತು ಅನ್ನುವುದನ್ನು ನಾನು ಹೇಳುತ್ತೇನೆ. ಯಾವ ಬಾಗಿಲೂ ಒಳಗೆ ಬಿಡದ ಸಕ್ಕರೆ ಬೇಕು. ರ‍್ಯಾಮ್ನೋಸ್ ಅಂಥದ್ದು. ಅದಕ್ಕೆ ಕರುಳಿನಲ್ಲಿ ಬಾಗಿಲಿಲ್ಲ, ದೇಹ ಅದನ್ನು ಸುಡುವುದೂ ಇಲ್ಲ. ಅದು ರಕ್ತದಲ್ಲಿ ಕಂಡರೆ ಸಂದಿಯಿಂದಲೇ ಬಂದಿರಬೇಕು. ಬಾವಲಿಗೆ ಒಂದು ಸಲ ಬಾಯಿಗೆ ಕೊಡುತ್ತಾರೆ, ಇನ್ನೊಂದು ಸಲ ಇಂಜೆಕ್ಷನ್ ಕೊಡುತ್ತಾರೆ. ಇಂಜೆಕ್ಷನ್ ಅಂದರೆ ನೂರಕ್ಕೆ ನೂರು ಒಳಗೆ ಹೋದ ಹಾಗೆ. ಎರಡರ ರಕ್ತದ ಮಟ್ಟ ಹೋಲಿಸಿದರೆ ಬಾಯಿಗೆ ಕೊಟ್ಟದ್ದರಲ್ಲಿ ಎಷ್ಟು ದಾಟಿತು ಅಂತ ಸಿಗುತ್ತದೆ.

ಅರ್ಜೆಂಟೀನಾದ ಎನ್ರಿಕೆ ಕಾವಿಯೆದೆಸ್-ವಿದಾಲ್, ಅಮೆರಿಕದ ವಿಲಿಯಂ ಕರಾಸೊವ್ ಮತ್ತು ಜತೆಗಾರರು 2008ರಲ್ಲಿ ಆರ್ಟಿಬಿಯಸ್ ಲಿಟುರಾಟಸ್ ಎಂಬ ದಕ್ಷಿಣ ಅಮೆರಿಕದ ಹಣ್ಣು ಬಾವಲಿಯಲ್ಲಿ ಇದನ್ನು ಅಳೆದರು. ಬಾಯಿಗೆ ಕೊಟ್ಟ ರ‍್ಯಾಮ್ನೋಸ್‌ನಲ್ಲಿ ನೂರಕ್ಕೆ ಸುಮಾರು 90 ಪಾಲು ರಕ್ತ ಸೇರಿತ್ತು! ಹೀರಿಕೊಂಡ ಗ್ಲೂಕೋಸ್‌ನಲ್ಲಿ ನೂರಕ್ಕೆ ಕನಿಷ್ಠ 70 ಪಾಲು ಸಂದಿಯಿಂದ ಬಂದದ್ದು ಅಂತ ಲೆಕ್ಕ ಸಿಕ್ಕಿತು. ನಾಯಿಯಂಥ ಪ್ರಾಣಿಗಳಲ್ಲಿ ಈ ದಾರಿಯ ಪಾಲು ತೀರಾ ಸಣ್ಣದು. ಸಸ್ತನಿಗಳೆಲ್ಲ ಬಾಗಿಲನ್ನೇ ನಂಬಿವೆ ಅಂದುಕೊಂಡಿದ್ದ ಕಾಲ ಅದು. ಆ ಪ್ರಬಂಧ ಮೊದಲು ಓದಿದ ದಿನ ರಾತ್ರಿ ಕ್ಯಾಂಪಸ್ಸಿನ ಮರಗಳ ಕೆಳಗೆ ಸುಮ್ನೆ ನಿಂತು ಬಾವಲಿ ನೋಡಿದ್ದೆ.

ಬನಶಂಕರಿ ಎರಡನೇ ಹಂತ:
ಹಣ್ಣಿನ ರಸ ಕುಡಿಯುವ ಬಾವಲಿಗೆ ಮಾತ್ರ ಹೀಗಾ? ನಮ್ಮ ಕೆರೆ ಕಡೆ ಸೊಳ್ಳೆ ಹಿಡಿಯುವ ಪುಟಾಣಿ ಬಾವಲಿಗಳಿವೆಯಲ್ಲ, ಅವುಗಳ ಕತೆ?

ಹೆಬ್ಬಾಳದ ಸಂಶೋಧಕಿ:
ಕೀಟ ತಿನ್ನುವ ಬಾವಲಿಯಲ್ಲೂ ನೋಡಿದ್ದಾರೆ. ಟಡಾರಿಡಾ ಬ್ರೆಸಿಲಿಯೆನ್ಸಿಸ್ ಎಂಬ ಅಮೆರಿಕದ ಬಾವಲಿಯಲ್ಲೂ ಸಂದಿಯ ಹೀರಿಕೆ ಇಲಿಗಿಂತ ಹೆಚ್ಚು. ಅದರ ಊಟದಲ್ಲಿ ಸಕ್ಕರೆ ಕಡಿಮೆ. ಹಾಗಾಗಿ ಇದು ಹಣ್ಣಿನ ಊಟಕ್ಕೆ ಬಂದ ಗುಣ ಅನ್ನುವುದಕ್ಕಿಂತ ಹಾರಾಟಕ್ಕೆ ಬಂದ ಗುಣ ಅನ್ನುವುದು ಸರಿ ಅಂತ ನನ್ನ ಅಭಿಪ್ರಾಯ.

ಕೀಟದಲ್ಲಿ ಸಿಗುವುದು ಮುಖ್ಯವಾಗಿ ಪ್ರೋಟೀನು, ಕೊಬ್ಬು. ಪ್ರೋಟೀನು ತುಂಡಾಗಿ ಎರಡು ಮೂರು ಅಮೈನೋ ಆಮ್ಲಗಳ ಸಣ್ಣ ಸರಗಳಾದಾಗ ಪೆಪ್ಟ್1 ಎಂಬ ಬಾಗಿಲು ಅವನ್ನು ಹಾಗೇ ಒಳಗೆ ಬಿಡುತ್ತದೆ. ಅದು ಸೋಡಿಯಂ ಬದಲು ಹೈಡ್ರೋಜನ್ ಅಯಾನಿನ ಇಳಿಜಾರು ಬಳಸುತ್ತದೆ. ಬಿಡಿ ಅಮೈನೋ ಆಮ್ಲಗಳಿಗೆ ಬೇರೆ ಬಾಗಿಲುಗಳಿವೆ. ಕೊಬ್ಬು ಪಿತ್ತರಸದಲ್ಲಿ ಬೆರೆತು ಜೀವಕೋಶದೊಳಗೆ ಹೋಗಿ, ಅಲ್ಲಿ ಮತ್ತೆ ಕಟ್ಟಿಕೊಂಡು, ರಕ್ತಕ್ಕೆ ನೇರವಾಗಿ ಹೋಗದೆ ದುಗ್ಧರಸದ ನಾಳದಿಂದ ಸುತ್ತಿ ಬರುತ್ತದೆ. ಸಂದಿಯ ದಾರಿ ಕೊಬ್ಬಿಗಲ್ಲ, ನೀರಲ್ಲಿ ಕರಗುವ ಸಣ್ಣ ಅಣುಗಳಿಗೆ ಮಾತ್ರ.

ಜಯನಗರ ನಾಲ್ಕನೇ ಬ್ಲಾಕ್:
ಒಂದು ಮಾತು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ಸಂದಿ ಇಷ್ಟು ಸುಲಭವಾಗಿದ್ದರೆ ವಿಷವೂ ಒಳಗೆ ಬರುತ್ತದಲ್ಲ? ಕಾಡಿನ ಹಣ್ಣು, ಎಲೆಗಳಲ್ಲಿ ಏನೇನೋ ಇರುತ್ತದೆ. ನನಗೆ ಮಲಬದ್ಧತೆಗೆ ಡಾಕ್ಟರು ಲ್ಯಾಕ್ಟುಲೋಸ್ ಸಿರಪ್ ಬರೆದಿದ್ದರು. ಅದು ರಕ್ತಕ್ಕೆ ಸೇರುವುದೇ ಇಲ್ಲ, ಕರುಳಲ್ಲೇ ಉಳಿದು ನೀರು ಎಳೆಯುತ್ತದೆ ಅಂದಿದ್ದರು. ಬಾವಲಿಗೆ ಅದೂ ಸೇರಿಬಿಡುತ್ತದಾ?

ಕರುಳಿನ ಮೇಷ್ಟ್ರು:
ಸರಿಯಾದ ಜಾಗಕ್ಕೆ ಕೈ ಹಾಕಿದ್ದೀರಿ. ಸಂದಿಗೆ ಅಣುವಿನ ಗಾತ್ರ ಮುಖ್ಯ. ರ‍್ಯಾಮ್ನೋಸ್‌ನ ಅಣುತೂಕ 164, ಗ್ಲೂಕೋಸ್ 180, ನಿಮ್ಮ ಲ್ಯಾಕ್ಟುಲೋಸ್ 342. ಅಣು ದೊಡ್ಡದಾದಷ್ಟೂ ನುಸುಳುವುದು ಕಷ್ಟ. ಮನುಷ್ಯರಲ್ಲಿ ಕರುಳಿನ ಬೆಸುಗೆ ಸಡಿಲವಾಗಿದೆಯೇ ಅಂತ ಪರೀಕ್ಷಿಸಲು ಲ್ಯಾಕ್ಟುಲೋಸನ್ನು ಇನ್ನೊಂದು ಸಣ್ಣ ಸಕ್ಕರೆ ಜತೆ ಕುಡಿಸಿ ಮೂತ್ರದಲ್ಲಿ ಎರಡನ್ನೂ ಅಳೆಯುವ ವಿಧಾನವೇ ಇದೆ. ಪ್ರೋಟೀನಿನಂಥ ದೊಡ್ಡ ಅಣುವಿಗೆ ಬಾವಲಿಯ ಸಂದಿಯಲ್ಲೂ ಜಾಗ ಇಲ್ಲ.

ಆದರೆ ನೀರಲ್ಲಿ ಕರಗುವ ಸಣ್ಣ ವಿಷಕ್ಕೆ? ನಿಮ್ಮ ಹೆದರಿಕೆ ಸರಿ. ಬಾಗಿಲು ಆರಿಸಿ ಬಿಡುತ್ತದೆ, ಸಂದಿ ಆರಿಸುವುದಿಲ್ಲ. ಈ ದಾರಿಗೆ ಬಾವಲಿ ತೆರುವ ಬೆಲೆ ಅದು ಅಂತಲೇ ಸಂಶೋಧಕರು ಹೇಳುತ್ತಾರೆ. ನೆಲದ ಪ್ರಾಣಿಗಳು ಈ ದಾರಿಯನ್ನು ಯಾಕೆ ಇಷ್ಟು ಬಳಸುವುದಿಲ್ಲ ಅನ್ನುವುದಕ್ಕೂ ಇದೇ ಕಾರಣ ಇರಬಹುದು ಅಂತ ನನಗೆ ಅನ್ನಿಸುತ್ತದೆ.

ಇನ್ನೊಂದು ವಿಷಯ. ಸಂದಿಯಲ್ಲಿ ಸಕ್ಕರೆ ತಾನಾಗಿ ಹರಿಯುವುದು ಕರುಳಲ್ಲಿ ಜಾಸ್ತಿ, ರಕ್ತದ ಕಡೆ ಕಡಿಮೆ ಇದ್ದಾಗ ಮಾತ್ರ. ಹಣ್ಣಿನ ರಸ ಗಟ್ಟಿ ಪಾನಕ ಇದ್ದ ಹಾಗೆ, ಹಾಗಾಗಿ ಶುರುವಿನಲ್ಲಿ ಧಾರಾಳವಾಗಿ ಹರಿಯುತ್ತದೆ, ಎಟಿಪಿ ಖರ್ಚಿಲ್ಲದೆ. ಕೊನೆಗೆ ರಸ ತೆಳುವಾದಾಗ ಹರಿವು ನಿಧಾನವಾಗುತ್ತದೆ. ಆಗ ಎಸ್‌ಜಿಎಲ್‌ಟಿ1 ಉಳಿದ ಚೂರುಪಾರನ್ನು ಏರುದಾರಿಯಲ್ಲೂ ಎಳೆದು ತರಬಲ್ಲದು. ದೊಡ್ಡಬಳ್ಳಾಪುರದವರು ನೋಡಿದ ಇರುವೆಯಿಲ್ಲದ ಹಿಕ್ಕೆಗೆ ಬಹುಶಃ ಈ ಎರಡೂ ಸೇರಿ ಕಾರಣ.

ಇದರ ಜತೆ ನೀರಿನ ಸೆಳೆತವೂ ಇದೆ. ಬಾಗಿಲಿನಿಂದ ಹೋದ ಸೋಡಿಯಂ, ಗ್ಲೂಕೋಸ್ ಜೀವಕೋಶಗಳ ಹಿಂಬದಿಯಲ್ಲಿ ಗಟ್ಟಿಯಾದಾಗ ನೀರು ಆ ಕಡೆಗೆ ನುಗ್ಗುತ್ತದೆ. ನೀರಿನ ಜತೆಗೆ ಅದರಲ್ಲಿ ಕರಗಿದ ಸಕ್ಕರೆಯೂ ಸಂದಿಯಲ್ಲಿ ಕೊಚ್ಚಿಕೊಂಡು ಹೋಗುತ್ತದೆ. ಪಾಪನ್‌ಹೈಮರ್ ಎಂಬ ವಿಜ್ಞಾನಿ 1987ರಲ್ಲಿ ಈ ವಿಚಾರ ಮುಂದಿಟ್ಟಾಗ ದೊಡ್ಡ ವಾದವೇ ಆಯಿತು.

ಸಕ್ಕರೆ ಲೆಕ್ಕ:
ಅಪ್ಪನಿಗೆ ಮಧುಮೇಹ, ಹಾಗಾಗಿ ಗ್ಲೂಕೋಸ್ ಅಂದ ಕೂಡಲೇ ನನ್ನ ಕಿವಿ ನಿಮಿರುತ್ತದೆ. ಬಾಗಿಲಿನಿಂದ ಬಂದರೂ ಸಂದಿಯಿಂದ ಬಂದರೂ ಇಷ್ಟು ಸಕ್ಕರೆ ಒಂದೇ ಸಲ ರಕ್ತಕ್ಕೆ ಇಳಿದರೆ ಬಾವಲಿಗೆ ಏನೂ ಆಗುವುದಿಲ್ಲವೇ? ಅಪ್ಪನಿಗೆ ಊಟದ ನಂತರ 250 ಬಂದರೆ ಮನೆಯಲ್ಲಿ ಎಲ್ಲರಿಗೂ ನಿದ್ದೆ ಇಲ್ಲ.

ಹೆಬ್ಬಾಳದ ಸಂಶೋಧಕಿ:
ಅಪ್ಪಾಜಿ ಆರೋಗ್ಯವಾಗಿರಲಿ. 2024ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಅಮೆರಿಕ ಖಂಡದ ಬೇರೆ ಬೇರೆ ಊಟದ ಬಾವಲಿಗಳಿಗೆ ಸಕ್ಕರೆ ಕುಡಿಸಿ ರಕ್ತ ನೋಡಿದರು. ಕೆಲವು ಬಾವಲಿಗಳಲ್ಲಿ ಗ್ಲೂಕೋಸ್ ಡೆಸಿಲೀಟರಿಗೆ 750 ಮಿಲಿಗ್ರಾಂ ದಾಟಿತ್ತು. ಅವು ಕಾಯಿಲೆ ಬಿದ್ದ ಬಾವಲಿಗಳಲ್ಲ. ಮಕರಂದ ಕುಡಿಯುವ ಗ್ಲಾಸೊಫೇಗಾ ಬಾವಲಿಯಲ್ಲಿ ಇನ್ನೊಂದು ವಿಷಯ ಗೊತ್ತಾಗಿದೆ. ಅದು ಕುಡಿದ ಸಕ್ಕರೆಯನ್ನು ಕೂಡಿಡದೆ ಕೆಲವೇ ನಿಮಿಷಗಳಲ್ಲಿ ಹಾರಾಟಕ್ಕೆ ಸುಡಲು ಶುರು ಮಾಡುತ್ತದೆ. ಕುಡಿದ ಮೇಲೆ ಎಷ್ಟು ಹಾರುತ್ತದೋ ಅಷ್ಟು ಬೇಗ ರಕ್ತದ ಸಕ್ಕರೆ ಇಳಿಯುತ್ತದೆ. ಊಟದ ನಂತರ ನಡೆಯಿರಿ ಅಂತ ಅಪ್ಪನಿಗೆ ಹೇಳುತ್ತಾರಲ್ಲ, ಸ್ನಾಯು ಸಕ್ಕರೆ ಎಳೆದುಕೊಳ್ಳುವ ಆ ಕೆಲಸವೇ ಇಲ್ಲಿ ಬಹಳ ದೊಡ್ಡ ಪ್ರಮಾಣದಲ್ಲಿ ನಡೆಯುತ್ತದೆ.

ಅಪ್ಪ ಡಾಪಾಗ್ಲಿಫ್ಲೋಜಿನ್ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಇದನ್ನೂ ಕೇಳಿ. ಸೇಬಿನ ಮರದ ತೊಗಟೆಯಲ್ಲಿ ಫ್ಲೋರಿಜಿನ್ ಎಂಬ ಪದಾರ್ಥ ಇದೆ. 1835ರಲ್ಲೇ ಬೇರ್ಪಡಿಸಿದ್ದರು. ಅದು ಎಸ್‌ಜಿಎಲ್‌ಟಿ ಬಾಗಿಲುಗಳನ್ನು ಮುಚ್ಚುತ್ತದೆ. ಅದೇ ಎಳೆ ಹಿಡಿದು ಮೂತ್ರಪಿಂಡದ ಎಸ್‌ಜಿಎಲ್‌ಟಿ2 ಮುಚ್ಚುವ ಮಾತ್ರೆಗಳು ಬಂದವು.

ರಾಜಾಜಿನಗರ ವಿಜಯ:
ನಾನು ಓದಿದ್ದು, ಬಾವಲಿಗಳು ವಿಟಮಿನ್ ಸಿ ಮೈಯಲ್ಲಿ ತಯಾರಿಸಲಾರವು, ಪೂರ್ತಿ ಹಣ್ಣಿನಿಂದಲೇ ಹೀರಿಕೊಳ್ಳಬೇಕು ಅಂತ. ಇನ್ನೊಂದು, ಭಾರತದಲ್ಲೂ ರಕ್ತ ಕುಡಿಯುವ ಬಾವಲಿ ಇದೆ ಅಂತಾರೆ. ಅದರ ಕರುಳು ಹೇಗೆ?

ಹೆಬ್ಬಾಳದ ಸಂಶೋಧಕಿ:
ಮೊದಲನೆಯದು ಹಳೆಯ ನಂಬಿಕೆ. ನಮ್ಮ ದೇಶದಲ್ಲೂ ಇರುವ ರೌಸೆಟಸ್ ಲೆಶೆನಾಲ್ಟಿ ಎಂಬ ಹಣ್ಣು ಬಾವಲಿ ಸ್ವಲ್ಪ ಮಟ್ಟಿಗೆ ವಿಟಮಿನ್ ಸಿ ತಯಾರಿಸಬಲ್ಲದು ಅಂತ 2011ರಲ್ಲಿ ತೋರಿಸಿದರು. ಎರಡನೆಯದು ಪೂರ್ತಿ ತಪ್ಪು. ರಕ್ತ ಕುಡಿಯುವ ಮೂರೇ ಜಾತಿ ಇರುವುದು, ಮೂರೂ ಮಧ್ಯ ಮತ್ತು ದಕ್ಷಿಣ ಅಮೆರಿಕದ ಕಡೆಯವು. ನಮ್ಮಲ್ಲಿ ಸುಳ್ಳು ರಕ್ತಪಿಶಾಚಿ ಅಂತ ಹೆಸರು ಹೊತ್ತ ಬಾವಲಿ ಕಪ್ಪೆ, ಇಲಿ, ಕೀಟ ತಿನ್ನುತ್ತದೆ. ಪಾಪ, ಆ ಹೆಸರಿನಿಂದ ಅದಕ್ಕೆ ತೊಂದರೆಯೇ ಜಾಸ್ತಿ.

ರಕ್ತದ ಊಟದಲ್ಲಿ ಕಬ್ಬಿಣ ಅತಿಯಾಗಿ ಬರುತ್ತದೆ, ಅದು ವಿಷವಾಗಬಹುದು. 2022ರ ಒಂದು ಅಧ್ಯಯನದ ಪ್ರಕಾರ ರಕ್ತ ಕುಡಿಯುವ ಬಾವಲಿಯಲ್ಲಿ ಕೆಲವು ಜೀನುಗಳು ಕೆಟ್ಟುಹೋಗಿವೆ. ಅದರಲ್ಲಿ ಆರ್‌ಇಪಿ15 ಒಂದು. ಅದು ಇಲ್ಲದ ಕಾರಣ ಕರುಳಿನ ಜೀವಕೋಶಗಳು ಕಬ್ಬಿಣ ಹಿಡಿದಿಟ್ಟುಕೊಂಡು, ತಾವು ಉದುರುವಾಗ ಅದನ್ನೂ ಹೊರಗೆ ಸಾಗಿಸುತ್ತವೆ ಅನ್ನುವುದು ಅವರ ವಿವರಣೆ. ಜೀನು ಕಳೆದುಕೊಂಡೇ ಅನುಕೂಲ ಆದ ಉದಾಹರಣೆ ಇದು.

ಜಯನಗರ ನಾಲ್ಕನೇ ಬ್ಲಾಕ್:
ಅಮ್ಮಾ, ಮಗು ಹಿಕ್ಕೆ ಹತ್ತಿರ ಹೋಗುವಾಗ ಜೋಪಾನ. ಬಾವಲಿ ಕಚ್ಚಿದ ಹಣ್ಣು ತಿನ್ನಬಾರದು, ಬಿದ್ದ ಬಾವಲಿ ಮುಟ್ಟಬಾರದು. 2018ರಲ್ಲಿ ಕೋಳಿಕ್ಕೋಡ್ ಕಡೆ ನಿಫಾ ಬಂದದ್ದು ನೆನಪಿದೆಯಲ್ಲ. ಸೀಟು ಒರೆಸಿದ ಮೇಲೆ ಸೋಪು ಹಾಕಿ ಕೈ ತೊಳೆದರೆ ಆಯಿತು. ಅದಕ್ಕಾಗಿ ಮರ ಕಡಿಸಬೇಡಿ.

ಮಲ್ಲೇಶ್ವರದ ಅಮ್ಮ:
ಕಡಿಸುವುದಿಲ್ಲ, ಖಂಡಿತ. ನಿನ್ನೆ ಸಂಜೆ ಮರದ ಕೆಳಗೆ ಹಳೆಯ ಬಿಳಿ ಪಂಚೆ ಹಾಸಿ ನಾವಿಬ್ಬರೂ ಮಹಡಿ ಮೇಲಿಂದ ನೋಡಿದೆವು. ಬೆಳಿಗ್ಗೆ ಕೈಗವಸು ಹಾಕಿಕೊಂಡು ತೆಗೆದಾಗ ಎರಡು ಥರದ ಗುರುತು ಇತ್ತು. ಒಂದು ಒಣಗಿದ ಚರಟದ ಉಂಡೆ, ಬನಶಂಕರಿಯವರು ಹೇಳಿದ್ದು. ಇನ್ನೊಂದು ನೀರಾದ ಹಿಕ್ಕೆ, ತುಂಬಾ ಬೀಜ. ಇರುವೆ ಚರಟದ ಮೇಲೆ ಮಾತ್ರ ಇದ್ದವು. ಮಗಳು ಕುಣಿದಾಡಿದಳು.

ಪುಸ್ತಕದಲ್ಲಿ ಹೆಂಚಿನ ಮನೆ ಬರೆದು, ಹೆಂಚಿಗೆಲ್ಲ ಎಸ್‌ಜಿಎಲ್‌ಟಿ1 ಅಂತ ಹೆಸರಿಟ್ಟ ಕಿಟಕಿ ಬರೆದಿದ್ದಾಳೆ. ಸಂದಿಯಲ್ಲಿ ಸಕ್ಕರೆ ಜಿನುಗುತ್ತಿದೆ. ಈಗ ಹೊಸ ಪ್ರಶ್ನೆ. ಹಗಲು ಅದೇ ಹಣ್ಣು ತಿನ್ನುವ ಕೋಗಿಲೆಯೂ ಹಾರುತ್ತದಲ್ಲ, ಅದರ ಕರುಳೂ ಹೀಗೇನಾ?

ಕರುಳಿನ ಮೇಷ್ಟ್ರು:
ಪುಟ್ಟಿ, ಗುಬ್ಬಚ್ಚಿಯಲ್ಲಿ ನೋಡಿದ್ದಾರಮ್ಮ. ಗ್ಲೂಕೋಸ್‌ನ ಕನ್ನಡಿ ಬಿಂಬದಂಥ ಒಂದು ಸಕ್ಕರೆ ಇದೆ, ಎಲ್-ಗ್ಲೂಕೋಸ್. ಎಡಗೈ ಗವಸು ಬಲಗೈಗೆ ಹಿಡಿಸದ ಹಾಗೆ ಅದು ಎಸ್‌ಜಿಎಲ್‌ಟಿ1 ಬಾಗಿಲಿಗೆ ಹೊಂದುವುದಿಲ್ಲ. ಆದರೂ ಗುಬ್ಬಚ್ಚಿಯ ರಕ್ತಕ್ಕೆ ಅದರ ಬಹುಪಾಲು ಸೇರಿತ್ತು. ಅಂದರೆ ಹಕ್ಕಿಯೂ ಸಂದಿಯ ದಾರಿ ಹಿಡಿದಿದೆ. 2007ರಲ್ಲಿ ಹಾರುವ ಪ್ರಾಣಿಗಳನ್ನೂ ಹಾರದವುಗಳನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಇದು ಇನ್ನೂ ಸ್ಪಷ್ಟವಾಯಿತು. ಕರುಳಿನ ಸೂಕ್ಷ್ಮಜೀವಿಗಳಲ್ಲೂ ಬಾವಲಿ ಮತ್ತು ಹಕ್ಕಿಗೆ ಹೋಲಿಕೆ ಇದೆ ಅಂತ 2020ರಲ್ಲಿ ಗೊತ್ತಾಯಿತು.

ಬಾವಲಿ ಹಕ್ಕಿಗಿಂತ ನಾಯಿಗೆ, ಹಸುವಿಗೆ, ನಮಗೆ ಹತ್ತಿರದ ನೆಂಟ. ಮರಿಗೆ ಹಾಲು ಕುಡಿಸುತ್ತದೆ. ಕರುಳು ಮಾತ್ರ ಹಕ್ಕಿಯ ಥರ ಕೆಲಸ ಮಾಡುತ್ತದೆ. ನಿನ್ನ ಚಿತ್ರದ ಪಕ್ಕದಲ್ಲಿ ಒಂದು ಗುಬ್ಬಚ್ಚಿಯನ್ನೂ ಬರಿ, ಅದೇ ಹೆಂಚು, ಅದೇ ಸಂದಿ. ಪಂಚೆ ಮೇಲಿನ ಬೀಜ ಬಿಸಾಡಬೇಡ. ಒಂದು ಕುಂಡದಲ್ಲಿ ಮಣ್ಣಿನ ಮೇಲೆ ಉದುರಿಸಿ ಬಿಸಿಲಿಗಿಡು. ಮುಚ್ಚಬೇಡ, ಅದಕ್ಕೆ ಬೆಳಕು ಬೇಕು. ಮೊಳಕೆ ಬಂದರೆ ಇಲ್ಲೇ ಫೋಟೋ ಹಾಕು.